ಬರೀ ಬೇರಿನ ಪುಡಿ

ನನಗೂ ಅಕ್ಕನಿಗೂ ರುಮಟಾಯ್ಡ್ ಸಂಧಿವಾತ ಕಾಣಿಸಿಕೊಂಡದ್ದು ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ನಾನು ಶಿಕಾರಿಪುರದ ಪಿಯು ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಡುವವಳು. ಅಕ್ಕನನ್ನು ಕೊಟ್ಟದ್ದು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಗೆ. ನನಗೆ ಬೆಳಗಿನ ತರಗತಿಯಲ್ಲಿ ಸೀಮೆಸುಣ್ಣ ಹಿಡಿಯಲು ಬೆರಳು ಮಡಚುತ್ತಿರಲಿಲ್ಲ. ಅಕ್ಕನಿಗೆ ರೊಟ್ಟಿ ತಟ್ಟಲು ಬೆರಳು ಬಿಡಿಸಲಾಗುತ್ತಿರಲಿಲ್ಲ. ಊರಿನಲ್ಲಿ ಸಿಕ್ಕಿದ ನೋವಿನ ಮಾತ್ರೆಗಳಿಂದ ಇಬ್ಬರಿಗೂ ಹೊಟ್ಟೆಯುರಿ ಬಂತೇ ಹೊರತು ಕೀಲುಗಳ ಊತ ಇಳಿಯಲಿಲ್ಲ.

ನಾನು ಶಿವಮೊಗ್ಗಕ್ಕೆ ಹೋದೆ. ಅಲ್ಲಿನ ಕೀಲುರೋಗದ ಡಾಕ್ಟರು ನನ್ನ ಒಂದೊಂದೇ ಬೆರಳನ್ನು ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಬರೆದರು. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು, ಅಪ್ಪಿತಪ್ಪಿಯೂ ದಿನಾ ನುಂಗಬಾರದು ಎಂದು ಎರಡೆರಡು ಸಲ ಹೇಳಿದರು. ಜೊತೆಗೆ ಫೋಲಿಕ್ ಆಸಿಡ್. ಬಾಯಿ ಹುಣ್ಣಾಗಬಹುದು, ಕೂದಲು ಉದುರಬಹುದು, ಲಿವರ್ ಹೇಗಿದೆ ಎಂದು ಆಗಾಗ ರಕ್ತ ಕೊಟ್ಟು ನೋಡಿಸಬೇಕು ಎಂದೂ ಹೇಳಿದರು. ಅವರು ಹೇಳಿದ್ದರಲ್ಲಿ ಹೆಚ್ಚಿನದೆಲ್ಲ ಆಯಿತು. ಭಾನುವಾರ ಮಾತ್ರೆ ನುಂಗಿದರೆ ಸೋಮವಾರ ಸಾಸಿವೆ ಒಗ್ಗರಣೆಯ ವಾಸನೆಗೇ ವಾಕರಿಕೆ. ಬಾಚಣಿಗೆಯ ತುಂಬ ಕೂದಲು. ಒಮ್ಮೆ ಲಿವರಿನ ವರದಿ ಕೆಟ್ಟು ಬಂದು ಮಾತ್ರೆಯ ಪ್ರಮಾಣ ಇಳಿಸಿದರು. ಗುಣ ಕಾಣಲು ತಿಂಗಳುಗಳೇ ಹಿಡಿದವು. ಅಲ್ಲಿಯವರೆಗೆ ನಾನು ನಿಜಕ್ಕೂ ರೋಗಿಷ್ಠೆಯಂತೆಯೇ ಕಾಣುತ್ತಿದ್ದೆ.

ನನ್ನ ಈ ಅವತಾರದಿಂದ ಅತ್ಯಂತ ಸಂತೋಷಗೊಂಡವರು ನನ್ನ ಭಾವ, ಅಕ್ಕನ ಗಂಡ. ಅವರು ನಿವೃತ್ತ ಹೆಡ್‌ಮಾಸ್ತರು. ವೃತ್ತಿಯುದ್ದಕ್ಕೂ ಮಕ್ಕಳೆದುರು ಮಾತಾಡಿ, ಎದುರಿಗೆ ಕೂತವರಿಗೆಲ್ಲ ತಮಗಿಂತ ಕಡಿಮೆ ಗೊತ್ತು ಎಂಬ ನಂಬಿಕೆಯನ್ನು ಪಿಂಚಣಿಯ ಜೊತೆಗೇ ಮನೆಗೆ ತಂದವರು. ಅಕ್ಕನನ್ನೂ ಆ ಡಾಕ್ಟರಿಗೆ ತೋರಿಸೋಣವೆಂದು ನಾನು ಕುಪ್ಪಗಡ್ಡೆಗೆ ಹೋದಾಗ ಅವರು ಕನ್ನಡಕ ಏರಿಸಿಕೊಂಡು, ಫೋನಿನಲ್ಲಿ ನನ್ನ ಮಾತ್ರೆಯ ಹೆಸರು ಹುಡುಕಿ, ಪಾಠ ಓದುವಂತೆ ಗಟ್ಟಿಯಾಗಿ ಓದಿದರು.

"ಕ್ಯಾನ್ಸರಿಗೆ ಕೊಡೋ ಮಾತ್ರೆ ಕಣೇ ಇದು. ಗೊತ್ತಿದ್ದೂ ತಿಂತಿದೀಯಲ್ಲ."

"ಅದಕ್ಕೆ ಕೊಡೋ ಡೋಸೇ ಬೇರೆ ಭಾವ. ನನಗೆ ಕೊಟ್ಟಿರೋದು ಕಡಿಮೆ."

"ವಿಷ ಕಡಿಮೆ ತಿಂದ್ರೆ ಅಮೃತ ಆಗ್ತೈತಾ? ನಿನ್ ತಲೆ ಕನ್ನಡೀಲಿ ನೋಡ್ಕೊ ಹೋಗು."

ಅಕ್ಕ ಬಾಗಿಲ ಬಳಿ ಕೂತು ಮಣಿಕಟ್ಟು ನೀವಿಕೊಳ್ಳುತ್ತಿದ್ದಳು. ಅವಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಭಾವ ಆಗಲೇ ಅವಳಿಗೆ ಔಷಧಿ ಗೊತ್ತುಮಾಡಿದ್ದರು. ಆನವಟ್ಟಿಯಲ್ಲಿ ಬಾಡಿಗೆ ಕೋಣೆಯೊಂದರಲ್ಲಿ ವಾರಕ್ಕೊಮ್ಮೆ ಬಂದು ಕೂರುವ ಒಬ್ಬ ಮನುಷ್ಯ ಕಂದು ಬಣ್ಣದ ಪುಡಿ ಕೊಡುತ್ತಿದ್ದ. ಅವನ ಊರು ಯಾವುದೆಂದು ಯಾರಿಗೂ ಗೊತ್ತಿಲ್ಲ. ಪುಡಿಯಲ್ಲಿ ಏನಿದೆ ಎಂದರೆ ಬೇರು. ಯಾವ ಬೇರು ಎಂದರೆ ಗುಟ್ಟು. ನನ್ನ ಮಾತ್ರೆಯ ಬಗ್ಗೆ ಅಷ್ಟೊಂದು ತನಿಖೆ ಮಾಡಿದ ಹೆಡ್‌ಮಾಸ್ತರು ಈ ಎರಡು ಉತ್ತರಗಳಿಗೆ ಪೂರ್ತಿ ಅಂಕ ಕೊಟ್ಟಿದ್ದರು. "ಇದಕ್ಕೆ ಸೈಡ್ ಎಫೆಕ್ಟೇ ಇಲ್ಲ" ಎನ್ನುವುದು ಅವರ ಕೊನೆಯ ಮಾತು.

ಪುಡಿ ಕೆಲಸ ಮಾಡಿತು. ಅದನ್ನು ನಾನು ಒಪ್ಪಲೇಬೇಕು. ಒಂದೇ ವಾರದಲ್ಲಿ ಅಕ್ಕ ಎದ್ದು ಓಡಾಡಿದಳು, ರೊಟ್ಟಿ ತಟ್ಟಿದಳು, ಬಾವಿಯಿಂದ ನೀರು ಸೇದಿದಳು. ಹಸಿವು ಹೆಚ್ಚಿತು. ಕೆಲವು ತಿಂಗಳಲ್ಲಿ ಕೆನ್ನೆ ತುಂಬಿ ಮುಖ ದುಂಡಗಾಯಿತು. ನೆಂಟರ ಮದುವೆಯೊಂದರಲ್ಲಿ ನಮ್ಮಿಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, ಭಾವ ಬಂದವರಿಗೆಲ್ಲ ತೋರಿಸಿದರು.

"ಇವಳು ಇಂಗ್ಲಿಷ್ ಮದ್ದು, ಇವಳು ನಮ್ ಮದ್ದು. ನೀವೇ ನೋಡಿ ಹೇಳಿ."

ಎಲ್ಲರೂ ನೋಡಿದರು, ಹೇಳಿದರು. ಅಕ್ಕನ ಮುಖದಲ್ಲಿ ಕಳೆ ಬಂದಿದೆಯಂತೆ. ನನ್ನನ್ನು ನೋಡಿದರೆ ಅಯ್ಯೋ ಪಾಪ ಅನಿಸುತ್ತದಂತೆ. ಬೆಂಕಿಪೊಟ್ಟಣದ ಮೇಲಿನ ಅಕ್ಷರವನ್ನೂ ಸರಿಯಾಗಿ ಓದದ ಜನ ಅಂದು ನನ್ನ ಲಿವರನ್ನು ದೂರದಿಂದಲೇ ಪರೀಕ್ಷೆ ಮಾಡಿ ಮುಗಿಸಿದರು. ಸೀರೆ ಸರಿಮಾಡುವಾಗ ನಾನು ಅಕ್ಕನ ಮುಂಗೈ ನೋಡಿದೆ. ಅಲ್ಲಲ್ಲಿ ನೇರಳೆ ಬಣ್ಣದ ಕಲೆಗಳು. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು.

"ಎಲ್ಲಿ ತಾಗಿಸ್ಕೊಂಡೆ ಅಕ್ಕ?"

"ಎಲ್ಲೂ ಇಲ್ಲ ಕಣೆ. ಬಳೆ ತಾಗಿದ್ರೂ ಹಿಂಗಾಗ್ತೈತೆ. ರಾತ್ರಿ ನಾಕೈದ್ ಸಲ ಉಚ್ಚೆಗೆ ಏಳ್ತೀನಿ. ಅವರಿಗೆ ಹೇಳಿದ್ರೆ, ಮೈಯೊಳಗಿನ ಕೆಟ್ಟದ್ದು ಹೊರಗೆ ಹೋಗ್ತಾ ಐತೆ ಅಂತಾರೆ."

ಪುಡಿಯನ್ನು ಎಲ್ಲಾದರೂ ಪರೀಕ್ಷೆ ಮಾಡಿಸೋಣವೆಂದು ಭಾವನಿಗೆ ಹೇಳಿದೆ. ನನಗೆ ಹೊಟ್ಟೆಕಿಚ್ಚು ಎಂದು ಅವರು ಊಟದ ಪಂಕ್ತಿಯಲ್ಲೇ ಘೋಷಿಸಿದರು.

ಆಮೇಲೆ ಆನವಟ್ಟಿಯ ಆ ಕೋಣೆಗೆ ಬೀಗ ಬಿತ್ತು. ಪುಡಿಯವನು ಎಲ್ಲಿಗೆ ಹೋದನೆಂದು ಕೋಣೆಯ ಮಾಲೀಕನಿಗೂ ತಿಳಿಯದು. ಮನೆಯಲ್ಲಿದ್ದ ಪೊಟ್ಟಣಗಳು ಮುಗಿದ ಕೆಲವೇ ದಿನಗಳಲ್ಲಿ ಅಕ್ಕ ಹಾಸಿಗೆ ಹಿಡಿದಳು. ಕೀಲುಗಳೆಲ್ಲ ಮೊದಲಿಗಿಂತ ಜೋರಾಗಿ ಊದಿದವು. ಆದರೆ ಹೆದರಿಸಿದ್ದು ಅದಲ್ಲ. ಕುಡಿದ ನೀರೂ ವಾಂತಿ, ಎದ್ದು ಕೂತರೆ ಕಣ್ಣು ಕತ್ತಲೆ, ಮಾತು ತೊದಲು. ಭಾವ ನನಗೆ ಫೋನ್ ಮಾಡಿದರು. ಪಾಠದ ದನಿ ಇರಲಿಲ್ಲ.

"ಬಾರೇ ಸ್ವಲ್ಪ. ಯಾಕೋ ಕರೆದ್ರೆ ಓಗೊಡ್ತಿಲ್ಲ."

ಬಾಡಿಗೆ ಕಾರಿನಲ್ಲಿ ಅಕ್ಕನನ್ನು ಶಿವಮೊಗ್ಗಕ್ಕೆ ಕರೆದೊಯ್ದೆವು. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲೆ. ಬಿಪಿ ಪಾತಾಳಕ್ಕೆ ಇಳಿದಿತ್ತು. ಡ್ರಿಪ್ ಹಾಕಿ, ಇಂಜೆಕ್ಷನ್ ಕೊಟ್ಟ ಮೇಲೆ ನನ್ನ ಡಾಕ್ಟರು ಅವಳ ಮುಖ ನೋಡಿದರು, ಮುಂಗೈಯ ಕಲೆಗಳನ್ನು ನೋಡಿದರು.

"ಏನು ತಗೋತಿದ್ರು ಇವರು?"

"ಬರೀ ಬೇರಿನ ಪುಡಿ ಮೇಡಂ," ಎಂದರು ಭಾವ.

"ಬೇರು ತಿಂದ್ರೆ ಮುಖ ಹೀಗೆ ಊದಲ್ಲ ಸರ್. ಅದರಲ್ಲಿ ಸ್ಟೆರಾಯ್ಡ್ ಬೆರೆಸಿದ್ದಾರೆ ಅಂತ ಕಾಣುತ್ತೆ. ಹೊರಗಿಂದ ಅಷ್ಟು ದಿನ ಕೊಟ್ರೆ ದೇಹ ತಾನೇ ಸ್ಟೆರಾಯ್ಡ್ ತಯಾರಿಸೋದು ಬಿಟ್ಟುಬಿಡುತ್ತೆ. ಒಮ್ಮೆಗೇ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ." ಸಕ್ಕರೆ ಕಾಯಿಲೆ ಬಂದಿದೆ, ಮೂಳೆ ತೆಳುವಾಗಿದೆ ಎಂಬುದು ಪರೀಕ್ಷೆಯಲ್ಲಿ ತಿಳಿಯಿತು. ಸದ್ಯಕ್ಕೆ ಸ್ಟೆರಾಯ್ಡನ್ನೇ ಅಳತೆಯಾಗಿ ಕೊಟ್ಟು, ನಿಧಾನವಾಗಿ ಇಳಿಸಬೇಕು. ಜೊತೆಗೆ ಮೆಥೊಟ್ರೆಕ್ಸೇಟ್ ಶುರುಮಾಡಬೇಕು ಎಂದರು.

ಭಾವ ಹೊರಗಿನ ಬೆಂಚಿನಲ್ಲಿ ಕನ್ನಡಕ ತೆಗೆದು ಒರೆಸುತ್ತ ಕೂತಿದ್ದರು. ಅವರಿಗೆ ನಾಚಿಕೆಯಾಗಿರಬೇಕು ಎಂದುಕೊಂಡೆ. ಅವರು ತಿರುಗಿ ಹೇಳಿದ್ದು ಇದು:

"ನೋಡ್ದ್ಯಾ? ಕೊನಿಗೆ ಇವರೂ ಅದನ್ನೇ ಕೊಟ್ರು. ಅಂದ್ರೆ ನಮ್ಮವನ ಔಷಧಿ ಸರಿಯಾಗೇ ಇತ್ತು."

ನಾನು ಕ್ಯಾಂಟೀನಿಗೆ ಹೋಗಿ ಚಹಾ ಕುಡಿದು ಬಂದೆ. ಅವರಿಗೆ ತರಲಿಲ್ಲ.

ಅಕ್ಕ ಚೇತರಿಸಿಕೊಂಡಳು. ಮುಖದ ಊತ ಇಳಿಯಿತು. ಬಲಗೈಯ ಓರೆಯಾದ ಎರಡು ಬೆರಳು ಹಾಗೆಯೇ ಉಳಿದಿವೆ. ಸಕ್ಕರೆಯ ಮಾತ್ರೆ ಇನ್ನೂ ಬಿಟ್ಟಿಲ್ಲ. ಭಾನುವಾರದ ಮಾತ್ರೆಯಿಂದ ಅವಳಿಗೂ ಸೋಮವಾರ ವಾಕರಿಕೆ. ಈಗ ಸೋಮವಾರ ನಾವಿಬ್ಬರೂ ಫೋನಿನಲ್ಲಿ ಒಬ್ಬರ ಹೊಟ್ಟೆಯನ್ನು ಇನ್ನೊಬ್ಬರು ವಿಚಾರಿಸಿಕೊಳ್ಳುತ್ತೇವೆ.

ಕಳೆದ ವರ್ಷ ಶಿಕಾರಿಪುರದಲ್ಲಿ ನಮ್ಮ ನೆಂಟರ ಗೃಹಪ್ರವೇಶ. ಉಡುತಡಿಯ ಕಡೆಯಿಂದ ಬಂದಿದ್ದ, ಕುರಿ ಸಾಕುವ ಮನೆಯ ಹೆಂಗಸೊಬ್ಬಳು ಅಕ್ಕನ ಪಕ್ಕ ಕೂತು ತನ್ನ ಊದಿದ ಬೆರಳು ತೋರಿಸಿದಳು. ಭಾವ ಕುರ್ಚಿ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡರು.

"ನೋಡಮ್ಮ, ಈ ವಾತ ಅನ್ನೋದು..."

"ನೀವು ಊಟಕ್ ಹೋಗ್ರಿ," ಎಂದಳು ಅಕ್ಕ.

"ಅಲ್ಲ ಕಣೇ, ನಾನ್ ಹೇಳ್ತಿದ್ದೆ..."

"ನಂಗೊತ್ತು. ಪಂಕ್ತಿ ಕೂತೈತೆ, ಹೋಗ್ರಿ."

ಅಕ್ಕ ಗಂಡನೊಡನೆ ಹಾಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವರು ಎದ್ದು ಹೋದರು. ಅಕ್ಕ ಆ ಹೆಂಗಸಿಗೆ ಶಿವಮೊಗ್ಗದ ದಾರಿ ಹೇಳಿದಳು, ಭಾನುವಾರದ ಮಾತ್ರೆ ಹೇಳಿದಳು, ಬಾಯಿಹುಣ್ಣು ಹೇಳಿದಳು, ಕೂದಲು ಹೇಳಿದಳು.

"ಅಷ್ಟೆಲ್ಲಾ ಸೈಡ್ ಎಫೆಕ್ಟ್ ಐತಲ್ರೀ ಅದ್ಕೆ?" ಎಂದು ಆಕೆ ಗಾಬರಿಯಾದಳು.

"ಐತವ್ವ. ಆದ್ರೆ ಅವರು ಮೊದ್ಲೇ ಹೇಳಿ ಕೊಡ್ತಾರೆ, ರಕ್ತ ನೋಡ್ತಾ ಇರ್ತಾರೆ. ನಂಗೆ ಪುಡಿ ಕೊಟ್ಟೋನು ಏನೂ ಹೇಳಿರ್ಲಿಲ್ಲ."

ಆಕೆ ತಲೆಯಾಡಿಸಿ ಅಕ್ಕನ ನಂಬರು ಬರೆಸಿಕೊಂಡಳು. ಅಷ್ಟರಲ್ಲಿ ಊಟದ ಪಂಕ್ತಿಯಲ್ಲಿ ಭಾವ ಆಕೆಯ ಗಂಡನ ಪಕ್ಕದ ಎಲೆಯನ್ನೇ ಹಿಡಿದು ಕೂತು, ಹಾನಗಲ್ಲಿನ ಕಡೆ ವಾತಕ್ಕೆ ಎಣ್ಣೆ ಕೊಡುವ ಯಾರೋ ಒಬ್ಬನ ಹೆಸರು ದಾಟಿಸಿದ್ದರು. ಆ ಮನೆಯವರು ಮೊದಲು ಹೋದದ್ದು ಎಣ್ಣೆಗೇ. ಅಕ್ಕ ಬಿಡಲಿಲ್ಲ, ಫೋನ್ ಮಾಡಿ ಮಾಡಿ, ಕೊನೆಗೆ ತಾನೇ ಬಸ್ಸು ಹತ್ತಿ ಹೋಗಿ ಆಕೆಯನ್ನು ಶಿವಮೊಗ್ಗಕ್ಕೆ ಕರೆದೊಯ್ದಳು. ಭಾವ ಮನೆಯಲ್ಲೇ ಉಳಿದು, ಅಡುಗೆ ಯಾರು ಮಾಡಬೇಕು ಎಂದು ನನಗೆ ಫೋನ್ ಮಾಡಿ ಕೇಳಿದರು.