ಸಂಜೆಯ ಹೊತ್ತು ಜೊತೆಗೆ ನಡೆದವರು

ವೃದ್ಧರ ಆರೈಕೆಯೆಂದರೆ ಹೊತ್ತಿಗೆ ಸರಿಯಾಗಿ ಊಟ, ಔಷಧಿ, ಒಗೆದ ಹಾಸಿಗೆ ಎಂದಷ್ಟೇ ಬಗೆಯುವ ಕ್ಷೇತ್ರದಲ್ಲಿ, ವಯಸ್ಸಾದವರ ಚಡಪಡಿಕೆಗೂ ಕಿವಿಗೊಟ್ಟವರು ವಿರಳ. ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಆರೈಕೆ ಮನೆಯ ಮೇಲ್ವಿಚಾರಕಿ, ಎಲ್ಲರ ಬಾಯಲ್ಲಿ 'ದೊಡ್ಡ ಸಿಸ್ಟರ್', ಅಂಥ ವಿರಳರಲ್ಲಿ ಒಬ್ಬರು.

ದೊಡ್ಡ ಆಸ್ಪತ್ರೆಯ ವಾರ್ಡನ್ನು ಬಿಟ್ಟು ಈ ಪುಟ್ಟ ಆರೈಕೆ ಮನೆಗೆ ಬಂದಾಗ ಅವರಿಗೆ ನಡುವಯಸ್ಸು. ಮೊದಲ ವಾರವೇ ಪಾಠವಾಯಿತು. ಕಿಟಕಿಯ ಬಳಿ ಕೂತಿದ್ದ ನಿವೃತ್ತ ಗ್ರಂಥಪಾಲಕಿಯೊಬ್ಬರನ್ನು "ಅಜ್ಜಿ, ಮಾತ್ರೆ ತಗೊಳ್ಳಿ" ಎಂದು ಅಕ್ಕರೆಯಿಂದಲೇ ಕರೆದರು. "ಯಾರಿಗಮ್ಮ ಅಜ್ಜಿ? ನನಗೆ ಮದುವೆನೇ ಆಗಿಲ್ಲ, ಮೊಮ್ಮಕ್ಕಳನ್ನ ಎಲ್ಲಿಂದ ತರಲಿ?" ಎಂದು ಆಕೆ ಸಿಡುಕಿದರು. ಅಂದಿನಿಂದ ಯಾರನ್ನು ಏನೆಂದು ಕರೆಯಬೇಕೆಂದು ಅವರವರನ್ನೇ ಕೇಳುವುದು ಇಲ್ಲಿನ ರೂಢಿಯಾಯಿತು.

ಅವರ ಸೇವೆಯ ಕೊನೆಯ ವರ್ಷಗಳನ್ನು ಆವರಿಸಿದವರು ಟೈಲರಮ್ಮ. ಒಂದು ಕಾಲಕ್ಕೆ ಸ್ವಂತ ಹೊಲಿಗೆ ಅಂಗಡಿ ನಡೆಸಿ, ಈಗ ಮರೆವಿನ ಕಾಯಿಲೆಗೆ ಸಿಕ್ಕವರು. ಹಗಲೆಲ್ಲ ಸಮಾಧಾನ. ಹೊತ್ತು ಇಳಿಯುತ್ತಿದ್ದಂತೆ ಚೀಲ ಬಗಲಿಗೇರಿಸಿ ಬಾಗಿಲಿಗೆ ಬರುವರು: "ಮಗು ಶಾಲೆಯಿಂದ ಬಂದಿರುತ್ತೆ, ಬೀಗದ ಕೈ ನನ್ನ ಹತ್ರಾನೇ ಇದೆ." ತಡೆದವರನ್ನು ಪರಚುವರು. ಆ 'ಮಗು', ಈಗ ತಲೆ ನರೆತ ಬ್ಯಾಂಕ್ ಉದ್ಯೋಗಿಯಾಗಿರುವ ಮಗಳು, ಎದುರು ನಿಂತು "ಅಮ್ಮಾ, ಅದು ನಾನೇ ಕಣಮ್ಮ" ಎಂದರೆ ಇನ್ನೂ ಕಷ್ಟ. "ನಿನ್ನ ವಯಸ್ಸೇನು, ನನ್ನ ಮಗು ವಯಸ್ಸೇನು! ಸುಳ್ಳು ಹೇಳೋಕೆ ನಾಚಿಕೆ ಆಗಲ್ವಾ?" ಮಗಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದರು.

ಸಿಸ್ಟರ್ ವಾದಿಸಲಿಲ್ಲ. ಚಪ್ಪಲಿ ಮೆಟ್ಟಿ, "ನಾನೂ ಆ ಕಡೆನೇ ಹೊರಟಿದ್ದೀನಿ" ಎಂದು ಜೊತೆಗೆ ನಡೆದರು. ಔಷಧಿ ಅಂಗಡಿ, ಇಸ್ತ್ರಿಯವನ ಗೂಡು, ತಿರುವಿನ ಬಸ್ ನಿಲ್ದಾಣ. ಅಷ್ಟು ಹೊತ್ತಿಗೆ ಟೈಲರಮ್ಮನ ಕಾಲು ಸೋತು, ಅವಸರವೂ ಸೋಲುತ್ತಿತ್ತು. ಸಿಸ್ಟರ್ ಜೊತೆ ತಾವಾಗಿಯೇ ಹಿಂದಿರುಗುತ್ತಿದ್ದರು. ದಿನವೂ ಹೀಗೇ.

ನಿವೃತ್ತಿ ಹತ್ತಿರವಾದಾಗ ಆಡಳಿತ ಸಮಿತಿ ಖಂಡಿತವಾಗಿ ಹೇಳಿತು: ಸಿಸ್ಟರ್ ಹೋದ ಮೇಲೆ ಟೈಲರಮ್ಮನನ್ನು ಬಾಗಿಲಿಗೆ ಬೀಗ ಹಾಕುವ ಬೇರೊಂದು ಸಂಸ್ಥೆಗೆ ಕಳಿಸುವುದು. ಸಂಜೆ ಸಿಬ್ಬಂದಿಗೆ ಕೈತುಂಬ ಕೆಲಸ, ಅದೇನೂ ಸುಳ್ಳಲ್ಲ. ಸಿಸ್ಟರಿಗೆ ಕಾದ ಹೆಂಚಿನ ಮೇಲೆ ನಿಂತಂತಾಯಿತು. ಕೂತಲ್ಲಿ ಕೂರಲಿಲ್ಲ, ಕೊಟ್ಟ ಕಾಫಿ ಮುಟ್ಟಲಿಲ್ಲ. ಕಡೆಗೆ ಮಗಳನ್ನು ವರಾಂಡಕ್ಕೆ ಕರೆದರು.

"ನೀನೇ ಜೊತೆಗೆ ನಡಿ. ಆದ್ರೆ ಮಗಳು ಅಂತ ಹೇಳ್ಬೇಡ."

"ಹೆತ್ತಮ್ಮನ ಮುಂದೆ ದಾರೀಲಿ ಹೋಗೋಳ ವೇಷ ಹಾಕ್ಲಾ, ಸಿಸ್ಟರ್? ನನಗೆ ಉಳಿದಿರೋದೇ ಅದೊಂದು ಸಂಬಂಧ."

"ಸಂಬಂಧ ಎಲ್ಲಿಗೆ ಹೋಗುತ್ತೆ? ಆ ಮಾತು ಬಿಡು ಅಂದೆ, ಅಮ್ಮನ್ನ ಬಿಡು ಅಂದ್ನಾ?"

ಮಗಳು ಮುಖ ಊದಿಸಿಕೊಂಡು ಹೋದವರು ಒಂದು ವಾರ ಇತ್ತ ಸುಳಿಯಲಿಲ್ಲ. ಮಿತಿಮೀರಿ ಆಡಿಬಿಟ್ಟೆನೇ ಎಂದು ಸಿಸ್ಟರ್ ಒಳಗೊಳಗೇ ಬೆಂದರು. ಟೈಲರಮ್ಮ ಮರೆತದ್ದು ತಮ್ಮನ್ನಲ್ಲವಲ್ಲ, ಹೇಳುವವರಿಗೇನು ಸಲೀಸು.

ಆಮೇಲೊಂದು ಸಂಜೆ ಮಗಳು ಬ್ಯಾಂಕಿನಿಂದ ನೇರವಾಗಿ ಬಂದರು. ತಾಯಿ ಆಗಲೇ ಬಾಗಿಲಲ್ಲಿದ್ದರು. "ನಾನೂ ಆ ಕಡೆನೇ" ಎಂದು ಮಗಳು ಜೊತೆಗೆ ಹೆಜ್ಜೆ ಹಾಕಿದರು. ಸಿಸ್ಟರ್ ತುಸು ಹಿಂದೆ ನಡೆದರು.

"ಬೇಗ ನಡಿಯಮ್ಮ," ಎಂದರು ಟೈಲರಮ್ಮ. "ನನ್ನ ಮಗಳು ಮಹಾ ಹಠಮಾರಿ. ನಾನು ಹೋಗೋವರೆಗೂ ತುತ್ತು ಮುಟ್ಟಲ್ಲ."

"ಅಷ್ಟೊಂದು ಹಠಾನಾ?"

"ಹಠ ಅಲ್ಲ ಕಣೇ, ಪ್ರೀತಿ. ಬಾಯಿಬಿಟ್ಟು ಹೇಳೋಕೆ ಬರಲ್ಲ ಅದಕ್ಕೆ. ನಂಗೂ ಬರಲ್ಲ."

ಮಗಳು ತಾಯಿಯ ತೋಳು ಹಿಡಿದರು. ತಾಯಿ ಕೊಡವಲಿಲ್ಲ. ಸಿಸ್ಟರ್ ಇಸ್ತ್ರಿಯವನ ಗೂಡಿನಿಂದಲೇ ಹಿಂದಿರುಗಿದರು.

ಸಮಿತಿ ಸದ್ಯಕ್ಕೆ ಸುಮ್ಮನಾಗಿದೆ. ಮಗಳಿಗೆ ಬಿಡುವಾಗದ ದಿನ ತಾವೇ ಬರುವುದಾಗಿ ಸಿಸ್ಟರ್ ಮಾತು ಕೊಟ್ಟಿದ್ದಾರೆ. "ರಿಟೈರ್ ಆಗ್ತಿರೋದು ನಾನು, ನನ್ನ ಕಾಲಲ್ಲ" ಎನ್ನುತ್ತಾರೆ. ಅವರಿಗೆ ದೀರ್ಘಾಯಸ್ಸನ್ನೂ, ಆ ಆಯಸ್ಸಿಗೆ ತಕ್ಕ ಗಟ್ಟಿ ಮಂಡಿಗಳನ್ನೂ ಮನಸಾರೆ ಹಾರೈಸುತ್ತೇವೆ. ಸಂಜೆಯಂತೂ ಯಾರ ನಿವೃತ್ತಿಯನ್ನೂ ಲೆಕ್ಕಿಸದೆ ದಿನವೂ ಬರುತ್ತದೆ.