ಪಾಚಿ ಭಾವ
ಹೆಂಡತಿಯ ತಮ್ಮ ತಂಗಿಯರೆಲ್ಲ ಅವರನ್ನು ಕರೆಯುವುದೇ ಪಾಚಿ ಭಾವ ಎಂದು. ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವುದು ಅವರ ಕೆಲಸ; ಅವರು ಬಾಯಿ ತೆರೆದರೆ ರಸ್ತೆಯಾಚೆ ಚಹಾ ಕುಡಿಯುತ್ತಿರುವ ವಕೀಲರೂ ಲೋಟ ಇಟ್ಟು ಓಡಿ ಬರುತ್ತಾರೆ. ಅದೇ ಮನುಷ್ಯ ಮನೆಗೆ ಬಂದು, ಮೀನೇ ಇಲ್ಲದ ಗಾಜಿನ ತೊಟ್ಟಿಯ ಮುಂದೆ ಕೂತರೆ ಉಸಿರನ್ನೂ ಅಳೆದು ಬಿಡುತ್ತಾರೆ. ನೀರೊಳಗಿನ ಕೊರಡಿಗೆ ಪಾಚಿಯನ್ನು ದಾರದಿಂದ ಕಟ್ಟುವುದು, ಮೀಸೆ ಕತ್ತರಿಯಲ್ಲಿ ಅದರ ತುದಿ ಸವರುವುದು, ನೀರು ಬಿಸಿಯಾಯಿತೇನೋ ಎಂದು ಬೆರಳದ್ದಿ ನೋಡುವುದು, ಇಷ್ಟರಲ್ಲೇ ಸಂಜೆ ಕಳೆಯುತ್ತದೆ. "ಜೋರಾಗಿ ಸೀನಬೇಡ್ರೋ, ನೀರು ಅಲ್ಲಾಡುತ್ತೆ" ಎಂದು ನೆಂಟರನ್ನು ಗದರುತ್ತಾರೆ, ಅದೂ ಪಿಸುಮಾತಿನಲ್ಲಿ. "ಜನ ಬಚ್ಚಲಲ್ಲಿ ಉಜ್ಜಿ ತೆಗೆಯೋದನ್ನ ಇವರು ಮುದ್ದು ಮಾಡ್ತಾರೆ" ಎಂದು ಹೆಂಡತಿ ಗೊಣಗುತ್ತಾಳೆ. ಕಳೆದ ಬೇಸಿಗೆಯಲ್ಲಿ ನೀರು ಕಾದು ಪಾಚಿಯೆಲ್ಲ ಕಂದಿ ಕರಗಿಹೋಯಿತು. ಮರುದಿನ ಕೋರ್ಟಿನಲ್ಲಿ ಭಾವನ ದನಿ ಬಾಗಿಲು ದಾಟಲಿಲ್ಲ. "ಏನಾಯ್ತ್ರೀ, ಮನೇಲೆಲ್ಲ ಕ್ಷೇಮ ತಾನೇ?" ಎಂದು ನ್ಯಾಯಾಧೀಶರೇ ಕೇಳಿದರು. ಸಂಜೆ ತೊಟ್ಟಿ ಖಾಲಿ ಮಾಡಲು ಅವರು ಬಕೆಟ್ ತಂದಾಗ ಹೆಂಡತಿ ಕೈ ತಡೆದಳು. ಮಧ್ಯಾಹ್ನವೆಲ್ಲ ಕನ್ನಡಕ ಹಾಕಿಕೊಂಡು ಆ ಕಂದು ರಾಡಿಯನ್ನು ಕೆದಕಿ, ಹಸಿರುಳಿದಿದ್ದ ಒಂದೇ ಒಂದು ಎಳೆಯನ್ನು ಅವಳು ತಣ್ಣೀರಿನ ಬಟ್ಟಲಲ್ಲಿ ಹಾಕಿಟ್ಟಿದ್ದಳು. "ಇದಕ್ಕೆ ಬೇರಿಲ್ಲ, ಒಂದೆಳೆ ಉಳಿದ್ರೂ ಮತ್ತೆ ಹಬ್ಬುತ್ತೆ ಅಂತ ದಿನಾ ಹೇಳೋರು ನೀವೇ ಅಲ್ವಾ?" ಎಂದಳು. ಭಾವ ಬಟ್ಟಲನ್ನು ನೋಡುವುದು ಬಿಟ್ಟು ಅವಳ ಮುಖವನ್ನೇ ನೋಡುತ್ತ ಕೂತರು.