ಸ್ಟೂಲಿನ ಮೇಲೆ ಕೂತ ಟ್ಯಾಂಕು

ನಮ್ಮ ಪದ್ಮನಾಭನಗರದ ಮನೆಯಲ್ಲಿ ಮಹಡಿ ಮೆಟ್ಟಿಲ ಕೆಳಗೆ ಒಂದು ಸಣ್ಣ ಕೋಣೆಯಿದೆ. ಅಕ್ಕಿ ಮೂಟೆ, ಉಪ್ಪಿನಕಾಯಿ ಜಾಡಿ ಇಡುವುದಕ್ಕೆಂದು ನಾನೇ ಕೇಳಿ ಕಟ್ಟಿಸಿಕೊಂಡದ್ದು. ಗೃಹಪ್ರವೇಶವಾಗಿ ವರ್ಷ ತುಂಬುವುದರೊಳಗೆ ಅಕ್ಕಿ ಅಡುಗೆಮನೆಗೆ ಬಂತು, ಜಾಡಿಗಳು ಅಟ್ಟ ಹತ್ತಿದವು, ಕೋಣೆಗೆ ನಮ್ಮ ಯಜಮಾನರ ಟ್ಯಾಂಕುಗಳು ಹೊಕ್ಕವು. ಅಲ್ಲಿ ಒಂದು ಮೇಜು, ಒಂದು ಕುರ್ಚಿ, ಒಂದು ಮರದ ಸ್ಟೂಲು. ಕುರ್ಚಿ ಅವರದು. ಸ್ಟೂಲು ನನ್ನದಾಗಬೇಕಿತ್ತು, ಆಗಲಿಲ್ಲ.

ಟ್ಯಾಂಕೆಂದರೆ ಯುದ್ಧದ ಟ್ಯಾಂಕು, ಪ್ಲಾಸ್ಟಿಕ್ಕಿನದು. ಡಬ್ಬಿಯೊಳಗೆ ಚೂರುಪಾರು ಭಾಗಗಳು ಒಂದು ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಅವನ್ನು ಬ್ಲೇಡಿನಲ್ಲಿ ಬಿಡಿಸಬೇಕು, ಉಜ್ಜಬೇಕು, ಅಂಟಿಸಬೇಕು, ಬಣ್ಣ ಹಚ್ಚಬೇಕು. ಯಜಮಾನರಿಗೆ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಅವರ ಸ್ನೇಹಿತರೊಬ್ಬರು ಕಂಪನಿ ಕೆಲಸದ ಮೇಲೆ ಹೊರದೇಶಕ್ಕೆ ಹೋದಾಗಲೆಲ್ಲ ಒಂದು ಡಬ್ಬಿ ತಂದುಕೊಡುತ್ತಿದ್ದರು. ತೊಂಬತ್ತರ ದಶಕದ ನಡುವಿನ ಮಾತಿದು. ಆಗ ನಮ್ಮ ಮನೆಯ ಮುಂದಿನ ರಸ್ತೆಗೆ ಟಾರೂ ಬಿದ್ದಿರಲಿಲ್ಲ.

ಮೊದಲು ಬಂದದ್ದು ನಿಜವಾಗಿ ಯುದ್ಧ ಮಾಡಿದ ಟ್ಯಾಂಕಿನ ಮಾದರಿ. ಕೋಣೆಯ ಗೋಡೆಗೆ ಅಂಟಿಕೊಂಡೇ ದೇವರ ಮನೆ. ನನಗೆ ಮನಸ್ಸು ತಡೆಯಲಿಲ್ಲ. "ರೀ, ಜನ ಕೊಂದ ಗಾಡಿ ಈ ಮನೇಲಿ ಬೇಡ. ಆ ಕಡೆ ನಾನು ದೀಪ ಹಚ್ಚೋದು, ಈ ಕಡೆ ನೀವು ಇದನ್ನಿಡೋದು, ಸರಿ ಹೋಗಲ್ಲ" ಎಂದೆ. ಅವರು ಡಬ್ಬಿ ಮುಚ್ಚಿಟ್ಟರು. ಆ ಟ್ಯಾಂಕು ಸ್ನೇಹಿತರ ಮನೆಗೆ ವಾಪಸ್ಸು ಹೋಯಿತು. ಮುಂದೆ ಬಂದವೆಲ್ಲ ಜರ್ಮನಿಯವರು ಎರಡನೇ ಮಹಾಯುದ್ಧದ ಕಾಲದಲ್ಲಿ ಪರೀಕ್ಷೆಗೆಂದು ಮಾಡಿ ಅಲ್ಲಿಗೇ ಬಿಟ್ಟವು. "ಇದು ಯಾರನ್ನೂ ಕೊಂದಿಲ್ಲ ಕಣೇ. ಮೈದಾನದಲ್ಲಿ ಸುತ್ತಾಡಿಸಿ ನೋಡಿದ್ರು, ಅಷ್ಟೆ" ಎಂದು ಒಂದು ಸಲ ಹೇಳಿದ್ದರು. ನನ್ನ ಮಾತಿಗೆ ಬೆಲೆ ಕೊಟ್ಟರಲ್ಲ ಎಂದು ಅವತ್ತು ಗಸಗಸೆ ಪಾಯಸ ಮಾಡಿದ್ದೆ.

ಇಷ್ಟರ ಮೇಲೆ ಮಹಡಿ ಮನೆಗೆ ಬಾಡಿಗೆಗೆ ಒಬ್ಬಳು ಹುಡುಗಿ ಬಂದಳು. ಧಾರವಾಡದ ಕಡೆಯವಳು, ಯಾವುದೋ ಕಂಪನಿಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸ. ಒಂದು ಭಾನುವಾರ ಬೆಳಿಗ್ಗೆ ಕೆಳಗಿಳಿದು ಬಂದು, "ಅಕ್ಕಾರ, ಮೋಟಾರ ಹಾಕ್ತೀರೇನ್ರಿ? ಮ್ಯಾಲ ನೀರ ಬರವಲ್ದು" ಎಂದಳು. ಮೋಟಾರಿನ ಸ್ವಿಚ್ಚು ಆ ಕೋಣೆಯ ಬಾಗಿಲ ಪಕ್ಕ. ಸ್ವಿಚ್ಚು ಹಾಕಲು ಹೋದ ನನ್ನ ಹೆಗಲ ಮೇಲಿಂದ ಒಳಗೆ ಇಣುಕಿದಳು.

"ಅಯ್ಯ! ಜರ್ಮನಿ ಟ್ಯಾಂಕ್ ಹೌದಲ್ರೀ ಸರ? ಗಾಲಿ ಸುತ್ತಲಿನ ಪಟ್ಟಾ ಎಷ್ಟ ಅಗಲ ಅದ ನೋಡ್ರಿ! ಭಾಳ ತೂಕದ್ದಿರಬೇಕು."

ಯಜಮಾನರು ಕನ್ನಡಕ ತೆಗೆದು ತಿರುಗಿ ನೋಡಿದರು. "ನಿಮಗೆ ಹೇಗೆ ಗೊತ್ತು?"

"ನಮ್ಮ ಅಪ್ಪ ಮಿಲಿಟರಿ ಒಳಗ ಟ್ಯಾಂಕ್ ರಿಪೇರಿ ಮಾಡ್ತಿದ್ರ್ರಿ. ಸಣ್ಣಕಿ ಇದ್ದಾಗ ಅದರ ಮ್ಯಾಲನ ಹತ್ತಿ ಆಡೀನಿ."

"ಬನ್ನಿ, ಬನ್ನಿ. ಕೂತ್ಕೊಳ್ಳಿ" ಎಂದರು. ಸ್ಟೂಲಿನ ಮೇಲಿದ್ದ ಹಳೇ ಪೇಪರನ್ನು ತಾವೇ ಎತ್ತಿ ಕೆಳಗಿಟ್ಟರು. ಆ ಪೇಪರು ಎತ್ತಿಡಿ ಎಂದು ನಾನು ಎಷ್ಟು ಸಲ ಹೇಳಿದ್ದೆನೋ.

ಅಲ್ಲಿಂದ ಪ್ರತಿ ಭಾನುವಾರ ಅವಳು ಸ್ಟೂಲಿನ ಮೇಲೆ, ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ. ಅವಳು ಬ್ಲೇಡು ಕೊಟ್ಟರೆ ಯಜಮಾನರು "ಥ್ಯಾಂಕ್ಸ್" ಎನ್ನುವರು. ನಾನು ಕಾಫಿ ಕೊಟ್ಟರೆ ಒಂದು ಬೆರಳು ಎತ್ತುವರು, ಅಲ್ಲಿಡು ಎಂದರ್ಥ. ಮನೆಯಲ್ಲಿ ಊಟದ ಹೊತ್ತಿಗೆ ಹ್ಞೂಂ, ಊಹ್ಞೂಂ ಬಿಟ್ಟು ಮಾತಾಡದ ಮನುಷ್ಯ, ಅವಳ ಹತ್ತಿರ ಸಂಡಿಗೆಯಷ್ಟಗಲದ ಒಂದು ಮುಚ್ಚಳದ ವಿಷಯ ಗಂಟೆಗಟ್ಟಲೆ ಮಾತಾಡುವರು. ನನಗೆ ಕೆಟ್ಟ ಅನುಮಾನ ಒಂದು ದಿನವೂ ಬರಲಿಲ್ಲ. ಅವರು ಅಂಥವರಲ್ಲ, ಅವಳೂ ಅಲ್ಲ. ಅನುಮಾನವಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಸ್ಟೂಲಿಗಾಗಿ ಯಾರು ಜಗಳ ಆಡುತ್ತಾರೆ?

ಬೈಯುವುದಕ್ಕಾದರೂ ಆ ಹುಡುಗಿ ಒಂದು ಕಾರಣ ಕೊಡಬಾರದಿತ್ತೇ? ಅದೂ ಇಲ್ಲ. ಶುಕ್ರವಾರ ಬಂದು ಕುಂಕುಮ ಇಟ್ಟುಕೊಂಡು ಹೋಗುವಳು. ಊರಿಂದ ಶೇಂಗಾ ಚಟ್ನಿಪುಡಿ ತಂದುಕೊಡುವಳು. ನಮ್ಮ ಅತ್ತೆಗೆ ಮಂಡಿನೋವು, ಅವರ ಕೈ ಹಿಡಿದು ಗೇಟಿನವರೆಗೆ ನಡೆಸುವಳು. ಅತ್ತೆಯಂತೂ, "ಎಷ್ಟು ಲಕ್ಷಣವಾದ ಹುಡುಗಿ ಕಣೇ, ಎಷ್ಟು ಬುದ್ಧಿವಂತೆ!" ಎಂದು ನನ್ನ ಮುಂದೆಯೇ ಹೊಗಳುವರು. ನಾನು ಸಾರಿಗೆ ಒಗ್ಗರಣೆ ಹಾಕುತ್ತ "ಹೌದೌದು" ಎನ್ನುತ್ತಿದ್ದೆ. ಸಾಸಿವೆ ನನಗಿಂತ ಜೋರಾಗಿ ಸಿಡಿಯುತ್ತಿತ್ತು, ಅದೊಂದು ಪುಣ್ಯ.

ಒಂದು ಭಾನುವಾರ ಅವಳು ಕೇಳಿದ್ದು ಕಿವಿಗೆ ಬಿತ್ತು. "ಬರೇ ಪರೀಕ್ಷಾದ ಟ್ಯಾಂಕನ ಯಾಕ ಮಾಡ್ತೀರಿ ಸರ?" ನಾನು ಲೋಟ ಹಿಡಿದು ಅಲ್ಲೇ ನಿಂತೆ. ನನ್ನ ಮಾತು ಹೇಳುತ್ತಾರೆ ಎಂದುಕೊಂಡೆ.

"ಇವುಕ್ಕೆ ಸರಿಯಾದ ಫೋಟೋನೇ ಇರಲ್ಲ ನೋಡಿ. ಬಣ್ಣ ತಪ್ಪು ಅಂತ ಯಾರೂ ಹೇಳೋ ಹಾಗಿಲ್ಲ" ಎಂದರು. ಇಬ್ಬರೂ ನಕ್ಕರು.

ಅವತ್ತು ಕಾಫಿ ಆರಿಹೋಗಿತ್ತು. ಬಿಸಿ ಮಾಡದೆ ಹಾಗೇ ಕೊಟ್ಟೆ. ಅವರಿಗೆ ಗೊತ್ತೂ ಆಗಲಿಲ್ಲ. ಆ ಮಂಗಳವಾರ ಬನಶಂಕರಿ ಅಮ್ಮನ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿದೆ. ಸುತ್ತಲೂ ಹೆಂಗಸರು ಮಗಳ ಮದುವೆ, ಗಂಡನ ಕಾಯಿಲೆ ಎಂದು ಬೇಡಿಕೊಳ್ಳುತ್ತಿದ್ದರು. ನಾನು ಏನೆಂದು ಬೇಡಲಿ? ಕಡೆಗೆ, ಅಮ್ಮಾ, ಆ ಸ್ಟೂಲು ಮುರಿದು ಹೋಗಲಿ, ಅದರ ಮೇಲೆ ಯಾರೂ ಕೂತಿರದ ಹೊತ್ತಿನಲ್ಲಿ ಮುರೀಲಿ ಎಂದು ಕೇಳಿಕೊಂಡು ಬಂದೆ.

ಆ ವರ್ಷ ಇಬ್ಬರೂ ಸೇರಿ ಕಟ್ಟುತ್ತಿದ್ದದ್ದು ಎಲ್ಲಕ್ಕಿಂತ ದೊಡ್ಡದು. ಸೇತುವೆಗಳು ತಡೆಯಲಾರದಷ್ಟು ತೂಕದ ಟ್ಯಾಂಕಂತೆ, ಅದಕ್ಕೆ ಅವರಿಟ್ಟ ಹೆಸರು ಇಲಿಯಂತೆ. ದಸರೆಯ ಹೊತ್ತಿಗೆ ಮುಗಿಯಿತು. ಮರಳಿನಂಥ ಹಳದಿ ಬಣ್ಣ ಹಚ್ಚಿ ಮೇಜಿನ ಮೇಲೆ ಒಣಗಲು ಇಟ್ಟಿದ್ದರು. ನಾನು ನಡುಮನೆಯಲ್ಲಿ ಗೊಂಬೆ ಕೂರಿಸಿದ್ದೆ. ಮದುವೆಯಾದ ಹೊಸದರಲ್ಲಿ ಪಟ್ಟದ ಗೊಂಬೆಗೆ ಜರಿ ಉಡಿಸುವಾಗ ಯಜಮಾನರು ಪಕ್ಕದಲ್ಲಿ ಕೂತು ಪಿನ್ನು ಕೊಡುತ್ತಿದ್ದರು. ಆ ವರ್ಷ ಹಲಗೆ ಜೋಡಿಸಿಕೊಟ್ಟು ಕೋಣೆಗೆ ಹೋದರು.

ಆಯುಧಪೂಜೆಯ ಬೆಳಿಗ್ಗೆ ಅವರು ಕಾರ್ಖಾನೆಯ ಪೂಜೆಗೆ ಹೋಗಿದ್ದರು. ನಾನು ಅಂಬೊಡೆ ಕರಿಯುತ್ತಿದ್ದೆ. ಅತ್ತೆ ಈಳಿಗೆಮಣೆ, ಕತ್ತರಿ, ಸುತ್ತಿಗೆ, ಹೊಲಿಗೆ ಮಿಷನ್ನು ಎಲ್ಲಕ್ಕೂ ಗಂಧ ಕುಂಕುಮ ಇಟ್ಟು ಮಂಗಳಾರತಿ ಮಾಡಿ, "ಬಾರೇ, ಆರತಿ ತಗೋ" ಎಂದು ಕರೆದರು. ಹೋಗಿ ನೋಡಿದರೆ ಸಾಲಿನ ತುದಿಯಲ್ಲಿ ಟ್ಯಾಂಕು! ಹಣೆಗೆ ಗಂಧ, ಅದರ ಮೇಲೆ ನೀರಲ್ಲಿ ಕಲಸಿದ ಕುಂಕುಮ, ಎರಡೂ ಪಕ್ಕಕ್ಕೆ ಕುಂಕುಮದ ಗೆರೆ, ತೋಪಿನ ಕೊಳವೆಯ ಮೇಲೆ ಸೇವಂತಿಗೆ, ಎರಡೂ ಪಟ್ಟಾದ ಕೆಳಗೆ ಒಂದೊಂದು ಪುಟ್ಟ ನಿಂಬೆಹಣ್ಣು.

"ಅಯ್ಯೋ ಅಮ್ಮಾ, ಇದನ್ಯಾಕೆ ತಂದ್ರಿ?"

"ಯಾಕೆ ಅಂದ್ರೆ? ಇದು ವಾಹನಾನೂ ಹೌದು, ಆಯುಧಾನೂ ಹೌದು. ಸ್ಕೂಟರಿಗೆ ಮಾಡ್ತೀವಿ, ಇದೇನು ಪಾಪ ಮಾಡಿದೆ? ಅದೂ ಅಲ್ದೆ ಇಲಿ ಅಂತಾನೇ ಹೆಸರಂತೆ, ಗಣಪನ ವಾಹನ. ಬಿಟ್ಟರೆ ದೋಷ ಕಣೇ."

ಒಂದು ಗಳಿಗೆ ನನ್ನ ಹೊಟ್ಟೆ ತಣ್ಣಗಾಯಿತು. ಮರುಗಳಿಗೆ ಯಜಮಾನರ ಮುಖ ನೆನಪಾಗಿ ಕೈ ತಣ್ಣಗಾಯಿತು.

ಅವರು ಕಡಲೆಪುರಿ ಪೊಟ್ಟಣ ಹಿಡಿದು ಬಂದವರು ನೋಡಿ ನಿಂತುಬಿಟ್ಟರು. ಟ್ಯಾಂಕನ್ನು ಎರಡೂ ಕೈಯಲ್ಲಿ ಎತ್ತಿ ಕೋಣೆಗೆ ಒಯ್ದು ಬಟ್ಟೆಯಿಂದ ಒರೆಸಿದರು. ಒರೆಸಿದಷ್ಟೂ ಹಳದಿ ಎದ್ದುಬಂತು, ಕುಂಕುಮ ಅಗಲವಾಯಿತು. ಅಷ್ಟರಲ್ಲಿ ಹುಡುಗಿ ಅರಿಶಿನ ಕುಂಕುಮಕ್ಕೆಂದು ಇಳಿದು ಬಂದಳು. ಟ್ಯಾಂಕು ನೋಡಿದಳು, ಅವರ ಮುಖ ನೋಡಿದಳು, ಮಾತಾಡದೆ ಪಕ್ಕದಲ್ಲಿ ನಿಂತಳು. ಆ ಮೌನ ಕಂಡು ನನಗೆ ಮೈಯೆಲ್ಲ ಉರಿಯಿತು. ಅವರಿಬ್ಬರೂ ಸೇರಿ ನಕ್ಕಾಗಲೂ ಇಷ್ಟು ಉರಿದಿರಲಿಲ್ಲ. ನನ್ನ ಗಂಡನ ದುಃಖದಲ್ಲೂ ನನಗೆ ಬಾಗಿಲೇ ಗತಿಯೇ?

ಹಿತ್ತಿಲ ಗೂಡಿನಲ್ಲಿದ್ದ ಕೆಮ್ಮಣ್ಣಿನ ಬಟ್ಟಲು ತಂದೆ. ರಂಗೋಲಿ ಅಂಚಿಗೆ, ಹೊಸ್ತಿಲಿಗೆ ಬಳಿಯಲು ಕಲಸಿಟ್ಟದ್ದು. "ರೀ, ಹೊಸ್ತಿಲ ಮೇಲೆ ಕುಂಕುಮ ಚೆಲ್ಲಿದ್ರೆ ನಾನು ಉಜ್ಜೋಕೆ ಹೋಗಲ್ಲ, ಇನ್ನೂ ಹರಡತ್ತೆ. ಪೂರ್ತಿ ಕೆಮ್ಮಣ್ಣು ಬಳಿದುಬಿಡ್ತೀನಿ. ಇದಕ್ಕೂ ಹಾಗೇ ಮಾಡಿ."

ಅವರು ಬಟ್ಟಲು ನೋಡಿದರು, ಮತ್ತೆ ಒರೆಸತೊಡಗಿದರು.

"ಹೌದಲ್ರೀ ಸರ!" ಎಂದಳು ಹುಡುಗಿ. "ಕಾರ್ಖಾನಿ ಒಳಗ ಕಬ್ಬಿಣಕ್ಕ ಮೊದಲ ಬಳಿಯೋ ಬಣ್ಣ ಇದ ಇರ್ತದ್ರಿ. ಪರೀಕ್ಷಾಕ್ಕ ಬಿಟ್ಟ ಗಾಡಿ ಕೆಂಪ ಇದ್ರ ತಪ್ಪೇನದ?"

"ಹೌದಲ್ವಾ!" ಎಂದರು ಯಜಮಾನರು.

ನೋಡಿ, ನಾನು ಹೇಳಿದಾಗ ಹೌದಾಗಲಿಲ್ಲ, ಅವಳು ಹೇಳಿದ ಮೇಲೆ ಹೌದಾಯಿತು. ಬಟ್ಟಲು ಅಲ್ಲೇ ಇಟ್ಟು ಹೊರಟೆ.

"ಎಲ್ಲಿಗ್ ಹೋಗ್ತೀಯ?" ಎಂದರು. "ಅದನ್ನ ಬಳಿಯೋಕೆ ನಂಗೆಲ್ಲಿ ಬರತ್ತೆ? ಬಟ್ಟೆ ತಗೊಂಡು ಬಾ, ನೀನೇ ಬಳಿ."

ಮೇಜಿನ ಮೇಲೆ ಜಾಗವಿರಲಿಲ್ಲ. ಟ್ಯಾಂಕನ್ನು ಸ್ಟೂಲಿನ ಮೇಲಿಟ್ಟರು. ಚಾಪೆ ಹಾಸಿ ನಾವು ಮೂವರೂ ಅದರ ಸುತ್ತ ನೆಲದ ಮೇಲೆ ಕೂತೆವು. ನಾನು ಬೆರಳಿಗೆ ಬಟ್ಟೆ ಸುತ್ತಿ ಹೊಸ್ತಿಲಿಗೆ ಬಳಿಯುವಂತೆಯೇ ತೆಳ್ಳಗೆ ಬಳಿದೆ. ಹಳದಿ ಮುಚ್ಚಿತು, ಕುಂಕುಮ ಎಲ್ಲಿತ್ತೆಂದು ತಿಳಿಯದಂತಾಯಿತು. ಯಜಮಾನರು ಟ್ಯಾಂಕನ್ನು ನನ್ನ ಕಡೆಗೆ ಮೆಲ್ಲಗೆ ತಿರುಗಿಸಿಕೊಡುತ್ತಿದ್ದರು.

"ಸರ, ಮುಂದಿನದು ಖರೇ ಯುದ್ಧದ್ದ ಮಾಡೋಣ್ರಿ" ಎಂದಳು ಹುಡುಗಿ. "ನಮ್ಮ ಆಫೀಸಿನವರೊಬ್ಬರ ಕಡೆ ಡಬ್ಬಿ ಅದ. ಕೊಡ್ತೀನಂದಾರ."

ನನ್ನ ಕೈ ನಿಂತಿತು.

"ಅದು ಬೇಡಮ್ಮ" ಎಂದರು ಅವರು, ತಲೆಯೆತ್ತದೆ. "ಜನ ಕೊಂದ ಗಾಡಿ ಮನೆಗೆ ಬೇಡ ಅಂತ ಇವಳು ಹೇಳಿದಾಳೆ."

"ಯಾವಾಗ್ರಿ?"

"ಆಗಲೇ, ಬಹಳ ಹಿಂದೆ."

"ಮತ್ತ ಫೋಟೋ ಇಲ್ಲ, ಅದಕ್ಕಂತ ಹೇಳಿದ್ರಿ?"

"ಅದೂ ಇದೆ" ಎಂದು ಕನ್ನಡಕ ಸರಿ ಮಾಡಿಕೊಂಡರು. ಕಿವಿ ಕೆಂಪಾಗಿತ್ತು.

ದೇವರು ದೊಡ್ಡವನು. ಸ್ಟೂಲು ಮುರಿಯಲಿಲ್ಲ, ಇವತ್ತಿಗೂ ಗಟ್ಟಿಯಾಗಿದೆ. ಬನಶಂಕರಿ ಅಮ್ಮ ತನಗೆ ತೋಚಿದಂತೆ ನಡೆಸಿಕೊಟ್ಟಳು. ಕಣ್ಣು ಮಂಜಾದದ್ದು ಅವರಿಬ್ಬರಿಗೂ ಕಾಣದಿರಲೆಂದು, "ಕಾಫಿ ತರ್ತೀನಿ" ಎನ್ನುತ್ತ ಏಳಹೋದೆ.

"ಕೂತ್ಕೊ. ಪಟ್ಟಾ ಇನ್ನೂ ಬಾಕಿ ಇದೆ" ಎಂದರು ಯಜಮಾನರು.

"ನಾ ಮಾಡ್ಕೊಂಡ ಬರ್ತೀನಿ ತಡೀರಿ ಅಕ್ಕಾರ" ಎಂದು ಹುಡುಗಿ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ನನ್ನ ಅಡುಗೆಮನೆಯಲ್ಲಿ ಡಬ್ಬಿಗಳ ಮುಚ್ಚಳ ಒಂದಾದ ಮೇಲೊಂದು ತೆಗೆಯುವ ಸದ್ದು. ಸಕ್ಕರೆ ಎಲ್ಲಿದೆಯೆಂದು ಅವಳಿಗೆ ತಿಳಿಯದು. ಕೂತಲ್ಲಿಂದಲೇ ಕೂಗಿ ಹೇಳಬಹುದಿತ್ತು. ಹುಡುಕಲಿ ಎಂದುಕೊಂಡು, ಪಟ್ಟಾಕ್ಕೆ ಕೆಮ್ಮಣ್ಣು ಬಳಿಯುತ್ತ ಕೂತೆ.